ಮುನಿರಾಬಾದಿನ ಕೆಂಪು ಡಾಲ್ಫಿನ್

ತುಂಗಭದ್ರೆಯಲ್ಲಿ ಡಾಲ್ಫಿನ್ ಇದೆ ಅಂದರೆ ನಗ್ತೀರಿ. ಆದರೆ ನಾನು ಕಂಡಿದ್ದೇನೆ ಸ್ವಾಮೀ! ನದಿಯೊಳಗಲ್ಲ, ದಂಡೆಯ ಮೇಲೆ. ಮುನಿರಾಬಾದಿನ ಹಳೇ ಕ್ವಾರ್ಟರ್ಸ್ ಕಡೆ, ಒಂದು ಬೇವಿನ ಮರದ ಕೆಳಗೆ, ತಾಡಪತ್ರಿ ಹೊದ್ದು ಮಲಗಿತ್ತು. ಬಣ್ಣ ಕೆಂಪು. ಬಾಗಿಲು ಎರಡೇ. ವಯಸ್ಸು ನಲವತ್ತರ ಆಸುಪಾಸು.

ಎರಡು ಬಾಗಿಲಿನ ಕಾರಿನ ಹುಚ್ಚು ನನಗೆ ಹಿಡಿಸಿದ್ದು ಬೆಳ್ಳಿತೆರೆ. 1968ರ 'ಜೇಡರ ಬಲೆ'ಯಲ್ಲಿ ಅಣ್ಣಾವ್ರು ಸಿ.ಐ.ಡಿ. 999 ಆಗಿ ಬಂದರಲ್ಲ, ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂತಲ್ಲ, ಆ ಚಿತ್ರಗಳನ್ನು ನಾನು ನೋಡಿದ್ದು ಎಷ್ಟೋ ವರ್ಷ ತಡವಾಗಿ. ನೋಡಿದ ಮೇಲೆ ತಲೆಯಲ್ಲಿ ಉಳಿದದ್ದು ಒಂದೇ ಆಸೆ. ನಾಲ್ಕು ಬಾಗಿಲಿನ ಕಾರು ಸಂಸಾರಸ್ಥರಿಗೆ, ಎರಡು ಬಾಗಿಲಿನದು ಹೀರೋಗೆ! ಕೊಪ್ಪಳದಿಂದ ಹೊಸಪೇಟೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಓಡಾಡುವ ನನ್ನಂಥವನಿಗೆ ಹೊಸ ಸ್ಪೋರ್ಟ್ಸ್ ಕಾರು ಕನಸಿನಲ್ಲೂ ಎಟುಕದು. ಹಳೆಯದಾದರೂ ಆಗಲಿ ಅಂತ ಹುಡುಕುತ್ತಿದ್ದೆ. ಆಗ ಗ್ಯಾರೇಜಿನ ಗೆಳೆಯನೊಬ್ಬ ಮುನಿರಾಬಾದಿನ ದಾರಿ ತೋರಿಸಿದ.

ನಮ್ಮ ನಾಡಿನ ಕಾರು

ಡಾಲ್ಫಿನ್ ಅಂದರೆ ಏನು ಅಂತ ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಹೊರತಂದ ಪುಟ್ಟ ಕಾರು ಅದು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಎಂಜಿನ್ 848 ಸಿಸಿ, ಅಲ್ಯೂಮಿನಿಯಂನದು. ಮೈಯೆಲ್ಲಾ ಫೈಬರ್. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ತೂಕ ಕಮ್ಮಿ, ಓಟ ಚುರುಕು. ಹಾಗಾಗಿ ರ್‍ಯಾಲಿ ಓಡಿಸುವ ಹುಡುಗರಿಗೆ ಇದೆಂದರೆ ಪ್ರಾಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ನಾಲ್ಕು ಬಾಗಿಲಿನ ಮಾರುತಿಯ ಮುಂದೆ ಎರಡು ಬಾಗಿಲಿನ ಡಾಲ್ಫಿನ್ ನಿಲ್ಲಲಿಲ್ಲ. ಪಕ್ಕಾ ಕೂಪೆ ಅಂತ ಪಂಡಿತರು ಒಪ್ಪದಿರಬಹುದು. ಹೋಗಲಿ ಬಿಡಿ, ನಮ್ಮ ಜೇಬಿಗೆ ಇದೇ ಕೂಪೆ!

ಗಾಡಿಯ ಒಡೆಯರು ರಿಟೈರಾದ ಫಿಟ್ಟರ್. ಜೀವಮಾನವೆಲ್ಲಾ ಸ್ಪ್ಯಾನರ್ ಹಿಡಿದ ಕೈ. ನಾನು ಅವರನ್ನು ಕಾಕಾ ಅಂತಲೇ ಕರೆದೆ. ತಾಡಪತ್ರಿ ಸರಿಸಿದರು. ಅಬ್ಬಾ! ಕೆಂಪು ಬಣ್ಣ ಬಿಸಿಲಿಗೆ ಮಾಸಿದ್ದರೂ ಮೈಮೇಲೆ ತುಕ್ಕಿನ ಒಂದು ಚುಕ್ಕೆ ಇಲ್ಲ. ನಾನು ಸುತ್ತ ಮೂರು ಸುತ್ತು ಹಾಕಿದೆ. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನ್ ತಮ್ಮಾ, ಶೂಟಿಂಗಿಗೆ ಬೇಕೋ, ದಿನಾ ಓಡಾಡಾಕ ಬೇಕೋ?"

"ದಿನಾ ಓಡಾಡೋಕೇ ಕಾಕಾ."

"ಹಂಗಾದ್ರ ಮ್ಯಾಲಿಂದು ನೋಡಬ್ಯಾಡ. ಮೈ ಫೈಬರ್ ಐತಿ, ಅದಕ್ಕ ತುಕ್ಕು ಹಿಡಿಯಂಗಿಲ್ಲ. ಎಲುಬು ಕಬ್ಬಿಣದ್ದೈತಿ. ಕೆಳಗ ಬಿದ್ದು ನೋಡು."

ಒಂದು ಸ್ಕ್ರೂಡ್ರೈವರ್ ಕೈಗೆ ಕೊಟ್ಟರು. ಜಾಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟರು. ಇಸ್ತ್ರಿ ಮಾಡಿದ ಷರ್ಟಿನಲ್ಲೇ ಮಣ್ಣಿನ ಮೇಲೆ ಅಂಗಾತ ಮಲಗಿದೆ. ಚಾಸಿಯನ್ನು ಮುಂದಿನಿಂದ ಚುಚ್ಚುತ್ತಾ ಬಂದೆ. ಟಣ್, ಟಣ್, ಟಣ್... ಹಿಂದಿನ ಚಕ್ರದ ಹತ್ತಿರ ಶಬ್ದವೇ ಬರಲಿಲ್ಲ. ಸ್ಕ್ರೂಡ್ರೈವರ್ ಒಳಗೆ ಹೋಗಿಬಿಟ್ಟಿತ್ತು! ಬೆರಳಗಲದ ತೂತು, ಉದುರಿದ ತುಕ್ಕು ನನ್ನ ಕಣ್ಣಿಗೇ ಬಿತ್ತು. ಫೈಬರ್ ಗಾಡಿ ಕೊಳ್ಳುವವರಿಗೆ ಇದೇ ಮೊದಲ ಪಾಠ. ಕಬ್ಬಿಣದ ಮೈಯಾದರೆ ಹೊರಗೆ ಕೊಳೆತು ಹೇಳುತ್ತದೆ, ಫೈಬರ್ ಮೈ ಕೊನೆತನಕ ಬಾಯಿ ಬಿಡುವುದಿಲ್ಲ.

ತೆಂಗಿನಕಾಯಿ

ಆದರೂ ಹುಚ್ಚು ಇಳಿಯಬೇಕಲ್ಲ! ಒಂದು ರೌಂಡ್ ಹೊಡೆಯುತ್ತೇನೆ ಅಂದೆ.

"ಬ್ಯಾಡ ತಮ್ಮಾ. ಎರಡು ವರ್ಷ ನಿಂತೈತಿ. ಬ್ರೇಕ್ ಬಿಚ್ಚಿ ನೋಡಿಲ್ಲ."

ನಾನು ಬಿಡಲಿಲ್ಲ. ಕ್ವಾರ್ಟರ್ಸ್ ಒಳಗೇ, ಮೊದಲನೇ ಗೇರಿನಲ್ಲೇ ಅಂತ ಒಪ್ಪಿಸಿದೆ. ಕಾಕಾ ಪಕ್ಕದಲ್ಲಿ ಕೂತರು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಸ್ಟೇರಿಂಗು ಬೆಣ್ಣೆಯ ಹಾಗೆ. ತಿರುವು ಬಂತು. ಒಳಕ್ಕೆ ತಿರುಗಬೇಕಿದ್ದವನು ಹುಲಿಗಿ ದಾರಿಗೆ ತಿರುಗಿಸಿದೆ, ಎರಡನೇ ಗೇರು, ಮೂರನೇ ಗೇರು... ಕಿವಿಯಲ್ಲಿ ಟಾಕೀಸಿನ ಶಿಳ್ಳೆ!

ಅಂದು ಮಂಗಳವಾರ. ಹುಲಿಗೆಮ್ಮನ ವಾರ ಅನ್ನೋದು ಈ ಸೀಮೆಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲದ್ದೇ? ಆದರೂ ಮರೆತಿದ್ದೆ. ರಸ್ತೆ ತುಂಬಾ ಭಕ್ತರು. ತಾಯಿಯ ಕೈ ಬಿಡಿಸಿಕೊಂಡು ಏಳೆಂಟು ವರ್ಷದ ಒಂದು ಹುಡುಗಿ ರಸ್ತೆಗೆ ಬಂತು. ಕೈಯಲ್ಲಿ ತೆಂಗಿನಕಾಯಿ. ಬ್ರೇಕ್ ಒತ್ತಿದೆ. ಪೆಡಲು ನೆಲಕ್ಕೆ ಹೋಯಿತು. ಗಾಡಿ ನಿಲ್ಲಲಿಲ್ಲ!

ನನ್ನ ಕೈಕಾಲು ಕಲ್ಲಾದವು. ಕಾಕಾ ಕೈ ಚಾಚಿ ಹ್ಯಾಂಡ್ ಬ್ರೇಕ್ ಎಳೆದರು. ಹಿಂದಿನ ಚಕ್ರ ಕಿರ್ರೆಂದು ಜಾರಿ ಗಾಡಿ ಅಡ್ಡಡ್ಡ ನಿಂತಿತು. ಹುಡುಗಿಗೂ ನಮಗೂ ನಡುವೆ ಎರಡು ಅಡಿ. ತೆಂಗಿನಕಾಯಿ ಅದರ ಕೈಯಿಂದ ಬಿದ್ದು, ಉರುಳಿ, ನಮ್ಮ ಗಾಡಿಯ ಕೆಳಗೆ ಹೋಯಿತು.

ತಾಯಿ ಬಯ್ಯಲಿಲ್ಲ. ಮಗಳನ್ನು ಅವಚಿಕೊಂಡು ನನ್ನನ್ನು ನೋಡಿದಳು, ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಕಾಕಾ ಇಳಿದು ಹೋಗಿ ಅಂಗಡಿಯಿಂದ ಬೇರೆ ಕಾಯಿ ತಂದು ಹುಡುಗಿಯ ಕೈಗೆ ಕೊಟ್ಟರು. ಇಬ್ಬರೂ ಸೇರಿ ಗಾಡಿಯನ್ನು ಕ್ವಾರ್ಟರ್ಸ್ ತನಕ ತಳ್ಳಿದೆವು. ದಾರಿಯುದ್ದಕ್ಕೂ ಅವರು ಒಂದು ಮಾತಾಡಲಿಲ್ಲ.

ಹತ್ತೊಂಬತ್ತನೇ ಗೇಟು

ಸಂಜೆ ಪಂಪಾವನದಲ್ಲಿ ಕೂತೆವು. ಅಲ್ಲಿ ಕೂತರೆ ಎದುರಿಗೇ ಅಣೆಕಟ್ಟು. 1945ರ ಫೆಬ್ರವರಿ 28ರಂದು ಈ ದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದ ಕಡೆಯಿಂದ, ಆ ದಂಡೆಯಲ್ಲಿ ಮದ್ರಾಸ್ ಸರ್ಕಾರದ ಕಡೆಯಿಂದ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ಕಲ್ಲು, ಸುಣ್ಣ, ಸುರ್ಕಿ ಗಾರೆಯ ಕಟ್ಟಡ. ಗೇಟುಗಳು ಮೂವತ್ತಮೂರು.

"ಹತ್ತೊಂಬತ್ತನೇ ಗೇಟಿನ ಸುದ್ದಿ ಗೊತ್ತಲ್ಲ?" ಅಂದರು ಕಾಕಾ.

ಯಾರಿಗೆ ಗೊತ್ತಿಲ್ಲ! 2024ರ ಆಗಸ್ಟ್ 10ರ ರಾತ್ರಿ. ಡ್ಯಾಂ ತುಂಬಿ ತುಳುಕುತ್ತಿತ್ತು. ಹತ್ತೊಂಬತ್ತನೇ ಗೇಟಿನ ಚೈನು ಕಡಿದು, ಇಡೀ ಗೇಟು ಕೊಚ್ಚಿ ಹೋಯಿತು. ಗಂಗಾವತಿ, ಸಿಂಧನೂರಿನ ಭತ್ತದ ರೈತರ ಎದೆ ಧಸಕ್ಕೆಂದಿತು. ಒಂದು ತೂಬಿನ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಕೊನೆಗೆ ಹರಿಯುವ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಬಾಯಿ ಮುಚ್ಚಿದರು.

"ಫೋಟೋ ತಗಿಯೋರೆಲ್ಲ ಗೇಟು ನೋಡ್ತಾರ, ನೀರು ನೋಡ್ತಾರ. ಚೈನು ಯಾರ್ ನೋಡ್ತಾರ? ಎಪ್ಪತ್ತು ವರ್ಷ ಎತ್ತೈತಿ, ಇಳಿಸೈತಿ. ಕಡಿಯೋ ತನಕ ಅದರ ಹೆಸರು ಯಾರೂ ಎತ್ತಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ನಮ್ಮ ಶಂಕರ್‌ನಾಗನ್ನ ಕಳಕೊಂಡಿದ್ದೂ ರಸ್ತೆ ಮ್ಯಾಲೇ ಅಲ್ಲೇನು?"

ನನಗೆ ಗಂಟಲು ಕಟ್ಟಿತು. 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡು. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟಿದ್ದ ಶಂಕರಣ್ಣನಿಗೆ ಮೂವತ್ತೈದು ವರ್ಷ. ಅವರೇ ನಿರ್ದೇಶಿಸಿದ 'ಆಕ್ಸಿಡೆಂಟ್' ಚಿತ್ರ ನೆನಪಿದೆಯಲ್ಲ? ದೊಡ್ಡವರ ಮಗನೊಬ್ಬ ಅಮಲಿನಲ್ಲಿ, ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸುವ ಕಥೆ. ಆ ಚಿತ್ರ ನೋಡಿ ಹಲ್ಲು ಕಚ್ಚಿದವನು ನಾನು. ಅಂದು ಮಧ್ಯಾಹ್ನ ನನಗೆ ಅಮಲು ಇರಲಿಲ್ಲ, ಹುಚ್ಚು ಮಾತ್ರ. ಆ ಹುಡುಗಿಗೆ ಎರಡರಲ್ಲಿ ವ್ಯತ್ಯಾಸ ಏನಿರುತ್ತಿತ್ತು?

"ಗಾಡಿ ನಿನಗ ಕೊಡ್ತೀನಿ," ಅಂದರು ಕಾಕಾ. "ಆದ್ರ ಬ್ರೇಕು, ಚಾಸಿ ಎರಡೂ ಆಗೋ ತನಕ ಈ ಗಿಡದ ಕೆಳಗಿಂದ ಹೊರಡಂಗಿಲ್ಲ."

ಹದಿನಾಲ್ಕು ಭಾನುವಾರ

ಎಪ್ಪತ್ತು ಸಾವಿರಕ್ಕೆ ಮಾತು ಮುಗಿಯಿತು. ಆಮೇಲೆ ಹದಿನಾಲ್ಕು ಭಾನುವಾರ ಮುನಿರಾಬಾದಿಗೆ ಹೋಗಿ ಬಂದೆ. ಮೊದಲು ಬಿಚ್ಚಿದ್ದು ಮಾಸ್ಟರ್ ಸಿಲಿಂಡರ್. ಒಳಗಿನ ರಬ್ಬರ್ ವಾಷರ್ ಬೆರಳಲ್ಲಿ ಹಿಡಿದರೆ ಪುಡಿ! ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಿಂತ ಗಾಡಿಯ ಸಿಲಿಂಡರು ಒಳಗೊಳಗೇ ತುಕ್ಕು ಹಿಡಿಯುತ್ತದೆ, ಆ ತುಕ್ಕು ರಬ್ಬರನ್ನು ಹರಿಯುತ್ತದೆ. ನಾಲ್ಕೂ ಚಕ್ರದ ಡ್ರಮ್ ಬಿಚ್ಚಿ, ಸಿಲಿಂಡರು, ಶೂ, ಪೈಪು ಎಲ್ಲಾ ಹೊಸದು ಹಾಕಿದೆವು. ಈ ಗಾಡಿಗೆ ಈಗ ಶೋರೂಮಿನಲ್ಲಿ ಸಾಮಾನು ಸಿಗದು. ಬೇರೆ ಗಾಡಿಯದನ್ನು ಅಳತೆ ನೋಡಿ ಹೊಂದಿಸಬೇಕು, ಹೊಂದದ್ದನ್ನು ಹೊಸಪೇಟೆಯಲ್ಲಿ ಲೇತಿಗೆ ಕೊಡಬೇಕು.

ಚಾಸಿಯ ಕೊಳೆತ ಭಾಗ ಕತ್ತರಿಸಿ ಹೊಸ ಪಟ್ಟಿ ವೆಲ್ಡ್ ಮಾಡಿಸಿದೆವು. ಪಕ್ಕದಲ್ಲಿ ಫೈಬರ್, ಒಂದು ಕಿಡಿ ಹಾರಿದರೂ ಸುಟ್ಟೀತು. ಒದ್ದೆ ಗೋಣಿ ಹಿಡಿದು ಕೂರುವುದೇ ನನ್ನ ಕೆಲಸ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬದಲಿಸಿದೆವು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್, ಹಳೆಯ ರಬ್ಬರಿಗೆ ಅದು ಒಗ್ಗದು. ರಿಪೇರಿಯ ಲೆಕ್ಕ ತೊಂಬತ್ತೈದು ಸಾವಿರ ಮುಟ್ಟಿತು. ಗಾಡಿಗಿಂತ ರಿಪೇರಿ ಜಾಸ್ತಿ! ಬಣ್ಣ ಮಾತ್ರ ಹಾಗೇ ಬಿಟ್ಟಿದ್ದೇನೆ.

ಕಾಗದದ ಮಾತು ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ರಿಜಿಸ್ಟ್ರೇಷನ್ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಬಂದ ಹೊಸ ನಿಯಮದಂತೆ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದರ ಶುಲ್ಕ 10,000 ರೂಪಾಯಿ. ಐವತ್ತು ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಅಂತ ಬರೆಸಿದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಆದ್ದರಿಂದ ಆರ್.ಸಿ. ಪುಸ್ತಕ ನೋಡದೆ, ಚಾಸಿ ನಂಬರ್ ತಾಳೆ ಹಾಕದೆ, ಮುಂಗಡ ಅಂತ ಒಂದು ರೂಪಾಯಿ ಕೊಡಬೇಡಿ.

ಈಗ

ಈಗ ವಾರಕ್ಕೆ ನಾಲ್ಕು ದಿನ ಡಾಲ್ಫಿನ್, ಎರಡು ದಿನ ಬಸ್ಸು. ಹಳೆ ಗಾಡಿಯೊಂದನ್ನೇ ನಂಬಿ ಕೂತರೆ ನೌಕರಿ ಹೋದೀತು! ಬೇಸಿಗೆಯಲ್ಲಿ ನೀರಿನ ಡಬ್ಬಿ, ಯಾವಾಗಲೂ ಫ್ಯಾನ್ ಬೆಲ್ಟ್, ಪ್ಲಗ್ಗು, ಸ್ಪ್ಯಾನರ್ ಜೊತೆಗಿರಬೇಕು. ಐವತ್ತರ ಮೇಲೆ ಓಡಿಸುವುದಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ಬ್ರೇಕ್ ಎಣ್ಣೆ ನೋಡುತ್ತೇನೆ, ಪೆಡಲನ್ನು ಮೂರು ಸಲ ಒತ್ತುತ್ತೇನೆ, ಆಮೇಲೆ ಚಾವಿ.

ಮೊನ್ನೆ ಹುಲಿಗಿ ಕ್ರಾಸ್ ಹತ್ತಿರ ನಾನು ಹಿಂದೆ ದಿನಾ ಹೋಗುತ್ತಿದ್ದ ಬಸ್ಸೇ ನನ್ನನ್ನು ಹಿಂದೆ ಹಾಕಿತು. ಗುರುತಿನ ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ: "ಏನ್ರೀ ಹೀರೋ, ಸ್ಪೋರ್ಟ್ಸ್ ಕಾರಂತ ಕಾರು! ಇಷ್ಟೇ ಏನ್ರೀ ಸ್ಪೀಡು?"

"ಇಷ್ಟೇ ರೀ!" ಅಂದೆ. ಅಂದು ಮಂಗಳವಾರ. ರಸ್ತೆ ದಾಟುವವರು ದಾಟಲಿ ಅಂತ ಬ್ರೇಕ್ ಒತ್ತಿದೆ. ಪೆಡಲು ಗಟ್ಟಿಯಾಗಿತ್ತು. ಗಾಡಿ ನಿಂತಿತು.