ನಾಲ್ಕು ತಂತಿಗಳು

ಮದುವೆಯ ಔತಣಗಳಲ್ಲಿ ಪರರ ಹಾಡುಗಳನ್ನು ನುಡಿಸುವ ಬ್ಯಾಂಡೊಂದರಲ್ಲಿ ನಾನು ಬೇಸ್ ಗಿಟಾರಿನವನು. ನಮ್ಮ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 2012ರಲ್ಲಿ ಕೆಥೆಡ್ರಲ್ ಆಯಿತು. ಸುತ್ತಿನ ಕ್ರೈಸ್ತರ ಮದುವೆಗಳೇ ನಮಗೆ ಅನ್ನ. ತಪಸ್ಸುಕಾಲದಲ್ಲಿ ಮದುವೆಯಿಲ್ಲ, ಸಂಪಾದನೆಯೂ ಇಲ್ಲ.

ವಾದ್ಯಕ್ಕೆ ತಂತಿಗಳು ನಾಲ್ಕೇ. ನಾದ ಸಾಮಾನ್ಯ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಇಂಥದನ್ನು ಮಾರಾಟಕ್ಕೆ ತರುವ ಮುನ್ನ ಬ್ಯಾಂಡಿನವರು ಆಳೆತ್ತರದ ಡಬಲ್ ಬೇಸನ್ನು ಹೊರುತ್ತಿದ್ದರು. ಅದನ್ನು ಸಂತೆಕಟ್ಟೆಯಲ್ಲಿ ಬಸ್ಸಿಗೆ ಹತ್ತಿಸುವುದನ್ನು ನೆನೆದಾಗಲೆಲ್ಲ ಆ ಮಹಾನುಭಾವನಿಗೆ ಕೈಮುಗಿಯುತ್ತೇನೆ.

ಬೈಲಾ ಆರಂಭವಾದರೆ ಎಲ್ಲರ ಕಣ್ಣು ಗಾಯಕನ ಮೇಲೆ. ನನ್ನನ್ನು ಕೇಳುವುದು ಕಾಲುಗಳು. ಒಮ್ಮೆ ಹಾಡಿನ ನಡುವೆ ವಯರು ಕಳಚಿತು. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಮದುಮಗನ ಮಾವನವರು ಹೆಜ್ಜೆ ತಪ್ಪಿ ನಿಂತುಬಿಟ್ಟರು!

ನನ್ನಲ್ಲಿ ಗಿಟಾರುಗಳು ಎರಡುಂಟು. ತಂಗಿಯ ನರ್ಸಿಂಗ್ ಶುಲ್ಕಕ್ಕಾಗಿ ಒಂದನ್ನು ಮಾರಲೇಬೇಕು. ಹೊಸದು ಎರಡು ವರ್ಷದ ದುಡಿಮೆಯಿಂದ ಕೊಂಡದ್ದು, ಬೆಲೆ ಬರುವುದೂ ಅದಕ್ಕೇ. ಹಳೆಯದರ ಕತ್ತು ಮಳೆಗಾಲದ ತೇವಕ್ಕೆ ಬಾಗುತ್ತದೆ. ಒಳಗಿನ ಉಕ್ಕಿನ ಸರಳನ್ನು ತಿರುವಿ ನೇರ್ಪಡಿಸಬೇಕು. ಅದರ ಹಟ ನನಗೆ ಗೊತ್ತು. ಕೊಳ್ಳುವವರು ಭಾನುವಾರ ಬರುತ್ತಾರೆ. ಹೊಸದನ್ನು ಒರಸಿ ಇಟ್ಟಿದ್ದೇನೆ.