ಎರಡನೆಯ ಸಲ ಸರಾಸರಿ

ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯೊಂದರಿಂದ ಬಂದ ಆ ಸಂಶೋಧನಾ ವಿದ್ಯಾರ್ಥಿನಿಗೆ ಸಂಖ್ಯಾಶಾಸ್ತ್ರದ ಪ್ರವೇಶಪಾಠ ಹೊಸದಲ್ಲ. ಬಿ.ಎ.ಯಲ್ಲಿ ಕನ್ನಡದ ಜೊತೆಗೆ ಅರ್ಥಶಾಸ್ತ್ರವನ್ನೂ ಐಚ್ಛಿಕವಾಗಿ ಓದಿದ್ದ ಆಕೆ ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆಗಳ ಸೂತ್ರಗಳನ್ನು ಕಂಠಪಾಠ ಮಾಡಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದಳು. ಪರೀಕ್ಷೆ ಮುಗಿದ ತಿಂಗಳೊಳಗೆ ಅಷ್ಟನ್ನೂ ಮರೆತಿದ್ದಳು. ಪಿಎಚ್.ಡಿ. ಪದವಿಗೆ ಸಂಬಂಧಿಸಿದಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯು, ಪ್ರಬಂಧಕ್ಕೆ ಕೈಹಚ್ಚುವ ಮೊದಲು ಸಂಶೋಧನಾ ವಿಧಾನವನ್ನು ಕುರಿತ ಪಾಠಕ್ರಮವನ್ನು ಎಲ್ಲರೂ ಪೂರೈಸಬೇಕೆಂದು ವಿಧಿಸಿತು. ಪರಿಮಾಣಾತ್ಮಕ ವಿಧಾನಗಳು ಅದರೊಳಗೆ ಸೇರಿಕೊಂಡವು. ಹೀಗಾಗಿ ಶಾಸನಗಳನ್ನು ಓದಲು ಬಂದವಳು ಮತ್ತೊಮ್ಮೆ ಸರಾಸರಿಯ ಮುಂದೆ ಕುಳಿತಳು.

"ಅದೇ ಲೆಕ್ಕ ಮತ್ತ ಕಲೀಲಿಕ್ಕ ಹೊಂಟಿ ಅಂದ್ರ ಮೊದಲ ಬರಲಿಲ್ಲೇನು ಯವ್ವಾ?" ಎಂದು ತಂದೆ ಕೇಳಿದ್ದರು. ಪ್ರಶ್ನೆ ನ್ಯಾಯವಾದುದೇ. ಸಂಖ್ಯಾಶಾಸ್ತ್ರವನ್ನು ಎರಡನೆಯ ಸಲ ಪ್ರಾರಂಭದಿಂದ ಕಲಿಯುವುದು ಹಿಂದೆ ಬಿದ್ದವರ ಪಾಡು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಇದೆ. ಆದರೆ 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರೂ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ಮೇಲೆ ಕಲ್ಕತ್ತೆಗೆ ಹೋಗಿ, ಅಲ್ಲಿ ಆಗತಾನೇ ತೆರೆದಿದ್ದ ಸಂಖ್ಯಾಶಾಸ್ತ್ರದ ಎಂ.ಎ. ತರಗತಿಯಲ್ಲಿ ಹೊಸ ವಿದ್ಯಾರ್ಥಿಯಾಗಿ ಕುಳಿತವರೇ. ಆ ಪದವಿ 1943ರಲ್ಲಿ ದೊರೆಯಿತು. ಜಗತ್ತು ಅವರ ಹೆಸರನ್ನು ಕಲಿತದ್ದು ಆಮೇಲೆ.

ವಿದ್ಯಾರ್ಥಿನಿಯ ಪ್ರಬಂಧದ ವಿಷಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಸನಗಳಲ್ಲಿ ಕಾಣುವ ಧಾರ್ಮಿಕ ದತ್ತಿಗಳು. ಪ್ರಕಟಿತ ಸಂಪುಟಗಳಿಂದ ಆಕೆ ಒಂದು ಕೋಷ್ಟಕವನ್ನು ಸಿದ್ಧಪಡಿಸಿದ್ದಳು: ಊರಿಗೆ ಎಷ್ಟು ಶಾಸನ, ಅವುಗಳಲ್ಲಿ ಶೈವ ಎಷ್ಟು, ವೈಷ್ಣವ ಎಷ್ಟು, ಜೈನ ಎಷ್ಟು, ಶೇಕಡಾವಾರು ಎಷ್ಟು. ದಶಮಾಂಶದ ಮುಂದೆ ಎರಡು ಸ್ಥಾನದವರೆಗೆ ಲೆಕ್ಕ ಹಾಕಿದ್ದ ಆ ಕೋಷ್ಟಕವನ್ನು ಹೆಮ್ಮೆಯಿಂದ ತರಗತಿಯಲ್ಲಿ ಮಂಡಿಸಿದಾಗ ಪಾಠ ಹೇಳುತ್ತಿದ್ದವರು ಒಂದೇ ಪ್ರಶ್ನೆ ಕೇಳಿದರು: "ಇದು ಯಾವುದರ ಮಾದರಿ?"

ಮೊದಲ ಸಲದ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಅಲ್ಲಿ ಅಂಕಿಗಳು ಪುಸ್ತಕದಲ್ಲಿ ಸಿದ್ಧವಾಗಿ ಬಂದಿರುತ್ತಿದ್ದವು. ಕೂಡಿಸಿ ಭಾಗಿಸಿದರೆ ಮುಗಿಯಿತು. ಇಲ್ಲಿ ಅಂಕಿಗಳು ಬಂದ ದಾರಿಯನ್ನೇ ಹೇಳಬೇಕಾಯಿತು. ಕೆತ್ತಿಸಿದ ಶಾಸನಗಳೆಲ್ಲ ಉಳಿದಿಲ್ಲ. ಕೆಲವು ಬಾವಿಯ ಮೆಟ್ಟಿಲಾಗಿವೆ, ಕೆಲವು ಸುಣ್ಣದ ಗಾರೆಯ ಹಿಂದಿವೆ, ಕೆಲವನ್ನು ಒಡೆದು ಅಗಸೆಯ ಗೋಡೆಗೆ ಸೇರಿಸಿದ್ದಾರೆ. ಉಳಿದವುಗಳಲ್ಲಿಯೂ ಓದಿ ಪ್ರಕಟವಾದದ್ದು ಸಮೀಕ್ಷಕರು ತಲುಪಲು ಸಾಧ್ಯವಾದ ಊರಿನದು. ಪೂಜೆ ನಿಲ್ಲದ ಗುಡಿಯ ಕಲ್ಲು ಉಳಿಯುವ ಸಂಭವ ಹೆಚ್ಚು, ಪೂಜೆ ನಿಂತ ಬಸದಿಯ ಕಲ್ಲು ಉಳಿಯುವ ಸಂಭವ ಕಡಿಮೆ. ಹಾಗಾದರೆ ಕೋಷ್ಟಕದ ಶೇಕಡಾವಾರು ಹನ್ನೆರಡನೆಯ ಶತಮಾನದ್ದೋ, ಕಲ್ಲುಗಳ ಆಯುಷ್ಯದ್ದೋ? ಆಕೆ ಉತ್ತರಿಸಲಿಲ್ಲ. ಎರಡು ವರ್ಷದ ದುಡಿಮೆ ಅದರಲ್ಲಿತ್ತು.

ಆಳಂದದ ಮಾತು ಬಂದಾಗ ಏಕಾಂತದ ರಾಮಯ್ಯನ ಪ್ರಸಂಗ ನೆನಪಾಗದೆ ಇರದು. ಆಳಂದೆಯವನಾದ ಈ ಶೈವಭಕ್ತನು ಅಬ್ಬಲೂರಿನಲ್ಲಿ ಜೈನರೊಡನೆ ವಾದಕ್ಕಿಳಿದು, ಶಿರಸ್ಸನ್ನು ಅರಿದುಕೊಂಡು ಮರಳಿ ಪಡೆದು, ಬಿಜ್ಜಳನಿಂದ ಜಯಪತ್ರ ಪಡೆದನೆಂದು ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನವು ಸುಮಾರು 1200ರಲ್ಲಿ ಹೇಳುತ್ತದೆ. ಗೆದ್ದವರ ಕಲ್ಲು ಗೆದ್ದವರ ಗುಡಿಯಲ್ಲಿ ಇಂದಿಗೂ ನಿಂತಿದೆ. ಸೋತವರು ಏನು ಬರೆಸಿದ್ದರೋ, ಬರೆಸಿಯೇ ಇರಲಿಲ್ಲವೋ, ಆ ಕಡೆಯ ಕಲ್ಲು ನಮ್ಮ ಎದುರಿಗಿಲ್ಲ. ಇದನ್ನು ಇಲ್ಲಿ ದೂರಾಗಿ ಹೇಳುತ್ತಿಲ್ಲ. ಇಂಥ ಕಡೆ ಒಂದನ್ನು ಎಣಿಸಿ ಮತ್ತೊಂದನ್ನು ಸೊನ್ನೆ ಎಂದು ಬರೆಯುವುದು ಎಣಿಕೆಯಾಗದು ಎಂದಷ್ಟೇ.

ಸರಾಸರಿಯ ಪಾಠದ ದಿನ ಆಕೆಗೆ ಬೇರೊಂದು ಬಗೆಯ ಅಚ್ಚರಿ ಕಾದಿತ್ತು. 'ಸರಾಸರಿ' ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು. ವಿಚಾರವಾದರೋ ಈ ನೆಲದಲ್ಲಿಯೇ ಬಹು ಹಿಂದಿನದು. ಕಲಬುರಗಿಗೆ ಅನತಿದೂರದ ಮಳಖೇಡವನ್ನು ರಾಜಧಾನಿಯಾಗಿ ಉಳ್ಳ ರಾಷ್ಟ್ರಕೂಟರ ಕಾಲದಲ್ಲಿ, ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಖಾತವ್ಯವಹಾರ, ಎಂದರೆ ಅಗೆತದ ಲೆಕ್ಕ, ಒಂದು ಅಧ್ಯಾಯವೇ ಆಗಿದೆ. ಅಗೆದ ಗುಂಡಿಯ ತಳ ಎಲ್ಲ ಕಡೆ ಸಮನಾಗಿರದು. ಹಲವೆಡೆ ಆಳವನ್ನು ಅಳೆದು, ಕೂಡಿಸಿ, ಅಳತೆಗಳ ಸಂಖ್ಯೆಯಿಂದ ಭಾಗಿಸಿ ಸಮವಾದ ಆಳವನ್ನು ಪಡೆಯಬೇಕು. ಇದಕ್ಕೆ ಆತ ಬಳಸುವ ಹೆಸರು ಸಮೀಕರಣ, ಏರುತಗ್ಗನ್ನು ಸಮ ಮಾಡುವುದು. ಅಳತೆಯ ಜಾಗಗಳು ಹೆಚ್ಚಿದಷ್ಟೂ ಸರಾಸರಿ ನಿಜಕ್ಕೆ ಹತ್ತಿರವಾಗುತ್ತದೆ ಎಂಬ ಮಾತನ್ನು 'ಲೀಲಾವತಿ'ಯ ವ್ಯಾಖ್ಯಾನಕಾರ ಗಣೇಶ ದೈವಜ್ಞನು 1545ರಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ಮಾದರಿ ಸಿದ್ಧಾಂತದ ಬೀಜ ಬಾವಿ ತೋಡುವವರ ಕೂಲಿಯ ಲೆಕ್ಕದಲ್ಲಿತ್ತು ಎಂದರೆ ತಪ್ಪಾಗಲಾರದು.

ಅದೇ ಗ್ರಂಥದ ಮಿಶ್ರಕವ್ಯವಹಾರದಲ್ಲಿ ಸಂಯೋಗಗಳನ್ನು ಎಣಿಸುವ ಸಾಮಾನ್ಯ ನಿಯಮವಿದೆ. ಉದಾಹರಣೆ ಆರು ರಸಗಳದು. ಒಂದೊಂದಾಗಿ 6, ಎರಡೆರಡಾಗಿ 15, ಮೂರಾಗಿ 20, ನಾಲ್ಕಾಗಿ 15, ಐದಾಗಿ 6, ಎಲ್ಲವೂ ಸೇರಿ 1, ಒಟ್ಟು 63. ಸಂಭವನೀಯತೆಯ ತರಗತಿಯಲ್ಲಿ ವಿದೇಶೀ ಹೆಸರುಗಳೊಡನೆ ಬರುವ ಸೂತ್ರ ಇದೇ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದ. ಆದರೂ ಕನ್ನಡ ಎಂ.ಎ. ಮುಗಿಸಿದವರಿಗೆ ಇಬ್ಬರೂ ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಯಷ್ಟೇ.

ಇನ್ನೊಂದು ಸಂಗತಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಲನೋಬಿಸರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆದ ಲೇಖನದಲ್ಲಿ ಸ್ಯಾದ್ವಾದದ ಸಪ್ತಭಂಗಿಯನ್ನು ಚರ್ಚೆಗೆ ತಂದರು. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರರ ಸಂಯೋಗಗಳೇ ಏಳು ಭಂಗಗಳು. 'ಸಂಖ್ಯಾ' ಪತ್ರಿಕೆಯ 1957ರ ಸಂಪುಟದಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅದೇ ವಿಷಯವನ್ನು ಮುಂದುವರಿಸಿದರು. ಇದನ್ನು ಹಿಗ್ಗಿಸಿ ಸಂಭವನೀಯತಾ ಸಿದ್ಧಾಂತವನ್ನೇ ಜೈನರು ಕಂಡುಹಿಡಿದರೆಂದು ವೇದಿಕೆಗಳಲ್ಲಿ ಹೇಳುವುದುಂಟು. ಅದು ಸಲ್ಲದು. ಸ್ಯಾದ್ವಾದದಲ್ಲಿ ಅಂಕಿಯಿಲ್ಲ, ಸಂಭವದ ಅಳತೆಯಿಲ್ಲ. ಯಾವ ನೆಲೆಯಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದನ್ನು ಮೊದಲು ಹೇಳು ಎಂಬ ನಿಯಮವಿದೆ. ಅದೇ ಸಾಕಷ್ಟು ದೊಡ್ಡದು.

ಈ ಮೂರು ತಾಲ್ಲೂಕುಗಳಿಗೆ ಸರಾಸರಿಯೊಡನೆ ಹಳೆಯ ಲೇವಾದೇವಿಯೂ ಇದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಒಗ್ಗೂಡಿಸಿ ರಾಜ್ಯದ ಸರಾಸರಿಯನ್ನು 1 ಎಂದಿಟ್ಟು 175 ತಾಲ್ಲೂಕುಗಳನ್ನು ಅಳೆಯಿತು. ಒಂದಕ್ಕಿಂತ ಕೆಳಗೆ ನಿಂತವು 114, ಅವುಗಳಲ್ಲಿ 0.80ಕ್ಕಿಂತ ಕೆಳಗಿನ 39 ತಾಲ್ಲೂಕುಗಳು 'ಅತ್ಯಂತ ಹಿಂದುಳಿದವು'. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಆ ಅಂಕಿಗಳಿಲ್ಲದೆ ಹೈದರಾಬಾದ್ ಕರ್ನಾಟಕದ ಹಕ್ಕಿನ ಕೂಗಿಗೆ ಬಲ ಬರುತ್ತಿರಲಿಲ್ಲ. 371(ಜೆ) ವಿಧಿಯವರೆಗಿನ ದಾರಿಯಲ್ಲಿ ಅವು ಊರುಗೋಲಾದವು. ಆದರೆ ಭೀಮೆಯ ನೀರು ಹತ್ತಿದ ಕಬ್ಬಿನ ಊರಿಗೂ ಮಳೆಯನ್ನೇ ನಂಬಿದ ತೊಗರಿಯ ಊರಿಗೂ ಅಲ್ಲಿ ಇರುವುದು ಒಂದೇ ಅಂಕಿ.

ಆ ವರ್ಷ, 2022ರ ಮುಂಗಾರಿನ ತೊಗರಿಗೆ ನೆಟೆ ರೋಗ ತಗುಲಿ, ತಂದೆಯ ಹೊಲದ ಗಿಡಗಳು ನಿಂತಲ್ಲೇ ಒಣಗಿದ್ದವು. ಬೆಳೆವಿಮೆಯ ಹಣ ಬರಲಿಲ್ಲ. ಬೇಕೆಂದೇ ತಮ್ಮ ಹೊಲವನ್ನು ಬಿಟ್ಟಿದ್ದಾರೆ ಎಂಬುದು ಅವರ ಸಂಶಯ. ಮಗಳು ನೋಟುಬುಕ್ಕು ತೆಗೆದು ವಿವರಿಸಿದಳು. ರೋಗದ ನಷ್ಟವನ್ನು ಹೊಲಹೊಲಕ್ಕೆ ಅಳೆಯುವುದಿಲ್ಲ; ಗ್ರಾಮ ಪಂಚಾಯಿತಿಯೇ ಒಂದು ಘಟಕ. ಮುಖ್ಯ ಬೆಳೆಗೆ ಕನಿಷ್ಠ 4 ಕಡೆ ಬೆಳೆ ಕಟಾವು ಪ್ರಯೋಗ. ಯಾವ ಸರ್ವೆ ನಂಬರು ಎಂಬುದು ಚೀಟಿ ಎತ್ತಿದಂತೆ ಬರುತ್ತದೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿಯಿಂದ ಹೊಸ್ತಿಲ ಇಳುವರಿಯನ್ನು ಕಟ್ಟುತ್ತಾರೆ; ಈ ವರ್ಷದ ಸರಾಸರಿ ಅದಕ್ಕಿಂತ ಕೆಳಗಿಳಿದರೆ ಮಾತ್ರ ಹಣ. ಎಕರೆಗೆ 5, 6, 5 ಕ್ವಿಂಟಲ್, ಒಂದು ಕಡೆ ಸೊನ್ನೆ ಎಂದಿಟ್ಟುಕೊಂಡರೂ ಸರಾಸರಿ 4. ಹೊಸ್ತಿಲು ಮೂರೂವರೆ ಇದ್ದರೆ ಆ ಸೊನ್ನೆಯ ಹೊಲದವನಿಗೂ ಏನೂ ಇಲ್ಲ. ನಮ್ಮ ಹೊಲವಂತೂ ಆ ನಾಲ್ಕರಲ್ಲಿ ಬರಲೇ ಇಲ್ಲ.

ತಂದೆ ಬಹಳ ಹೊತ್ತು ಆ ಪುಟವನ್ನೇ ನೋಡಿದರು. "ಹಂಗಾದ್ರ ಅವರ ಲೆಕ್ಕನೂ ಖರೇ, ನನ್ನ ಲುಕ್ಸಾನೂ ಖರೇ" ಎಂದರು. ಆಮೇಲೆ, "ಸೊನ್ನೆ ಬಂದ ಹೊಲ ಎಷ್ಟು ಅಂತ ಯಾರಾದ್ರೂ ಬರಕೊಂಡಾರೇನು?" ಎಂದು ಕೇಳಿದರು.

ಮುಂದಿನ ವಾರ ಆಕೆ ತನ್ನ ಕೋಷ್ಟಕದ ಶೇಕಡಾವಾರು ಕಲಮನ್ನು ತೆಗೆದುಹಾಕಿದಳು. ಅದರ ಜಾಗದಲ್ಲಿ ಮೂರು ಹೊಸ ಕಲಮುಗಳು ಬಂದವು: ಕಲ್ಲು ಈಗ ಎಲ್ಲಿದೆ, ಯಾರು ಯಾವಾಗ ಓದಿದರು, ಸಮೀಕ್ಷೆಯೇ ನಡೆಯದ ಊರುಗಳು ಯಾವುವು. ಮೂರನೆಯ ಕಲಮನ್ನು ತುಂಬಲು ಮೂರೂ ತಾಲ್ಲೂಕುಗಳ ಗ್ರಾಮಗಳ ಪಟ್ಟಿ ಬೇಕಾಯಿತು. ಅಫಜಲಪುರದಿಂದ ಪ್ರಾರಂಭಿಸಿದ್ದಾಳೆ.