ಹೂಂಗುಟ್ಟಿದವರಿಗೆ ಎಷ್ಟು ಮಾರ್ಕ್ಸು?

ಸೆಮಿಸ್ಟರಿನ ಎಂಟನೇ ವಾರ ಮುಗೀತು. ಇಂಟರ್ನಲ್ ಅಂಕಪಟ್ಟಿಯನ್ನು ಶನಿವಾರದೊಳಗೆ ಕೊಡಬೇಕು ಅಂತ ಆಫೀಸಿನಿಂದ ಎರಡು ಸಲ ಹೇಳಿಕಳಿಸಿದ್ದಾರೆ. ಬೇರೆ ಪತ್ರಿಕೆಗಳದ್ದು ಕೊಟ್ಟಾಯ್ತು. ಹಳಗನ್ನಡದ ಟೆಸ್ಟಿನಲ್ಲಿ ಯಾರು ಎಷ್ಟು ಬರೆದಿದ್ದಾರೋ ಅವರಿಗೆ ಅಷ್ಟು, ಅದರಲ್ಲಿ ತಲೆಬಿಸಿ ಇಲ್ಲ. ಉಳಿದಿರೋದು ಒಂದೇ, ಕತೆ ಹೇಳುವ ಕೋರ್ಸಿನದು.

ನಮ್ಮ ವಿಭಾಗ ಈ ವರ್ಷ ಶುರು ಮಾಡಿದ ಐಚ್ಛಿಕ ಪತ್ರಿಕೆ ಇದು. ಬಿ.ಕಾಂ., ಬಿ.ಎಸ್ಸಿ., ಯಾರು ಬೇಕಾದರೂ ತಗೋಬಹುದು. ತಗೊಂಡವರು 26 ಜನ. ಕತೆಯ ಆಸೆಗೆ ಬಂದವರು ನಾಲ್ಕೋ ಐದೋ ಇದ್ದಾರು. ಮಿಕ್ಕವರಿಗೆ ಕಂಪ್ಯೂಟರ್ ಪತ್ರಿಕೆಯಲ್ಲಿ ಜಾಗ ಸಿಗಲಿಲ್ಲ, ಇಲ್ಲಾ 'ಇದ್ರಲ್ಲಿ ಬರೆಯೋದು ಕಮ್ಮಿ' ಅಂತ ಸೀನಿಯರ್ ಯಾರೋ ಕಿವಿ ಊದಿದ್ದರು. ಕ್ಲಾಸು ಮಧ್ಯಾಹ್ನ ಮೂರರಿಂದ ನಾಲ್ಕು. ನಾಲ್ಕೂ ಹತ್ತಕ್ಕೆ ಊರಿನ ಬಸ್ಸು. ಹಾಗಾಗಿ ಮೂರೂ ಮುಕ್ಕಾಲು ಆಯಿತೆಂದರೆ ರಾಜಕುಮಾರಿ ಯಾವ ರಾಕ್ಷಸನ ಕೈಲಿ ಸಿಕ್ಕಿಕೊಂಡಿದ್ದರೂ ಅವಳನ್ನು ಅಲ್ಲೇ ಬಿಟ್ಟು ಬ್ಯಾಗಿನ ಜಿಪ್ ಎಳೆಯುವ ಸದ್ದು ಶುರುವಾಗುತ್ತೆ.

ನಿಯಮ ಮೂರೇ. ಕಾಗದ ನೋಡಬಾರದು. ಐದು ನಿಮಿಷ ಮೀರಬಾರದು. ಫೋನು ನನ್ನ ಮೇಜಿನ ಮೇಲಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿರಬೇಕು. ಮೂರನೆಯದಕ್ಕೆ ಬಂದಷ್ಟು ವಿರೋಧ ಮೊದಲಿನ ಎರಡಕ್ಕೂ ಬರಲಿಲ್ಲ.

ಮೊದಲ ವಾರ 'ಇವತ್ತು ಕಾಲೇಜಿಗೆ ಹೇಗೆ ಬಂದೆ' ಹೇಳಿ ಅಂದೆ. ಎದ್ದೆ, ತಿಂಡಿ ತಿಂದೆ, ಬಸ್ ಹತ್ತಿದೆ, ಬಂದೆ. ಒಬ್ಬೊಬ್ಬರದೂ ಮುಕ್ಕಾಲು ನಿಮಿಷಕ್ಕೆ ಖಲಾಸ್. ಏನು ತಿಂಡಿ, ಯಾರು ಮಾಡಿದ್ದು, ಬಸ್ಸಲ್ಲಿ ಸೀಟು ಸಿಕ್ತಾ ಅಂತ ನಾನೇ ಕೆದಕಬೇಕು. ಮೂರನೇ ವಾರದ ಹೊತ್ತಿಗೆ ಅದೇ ಹುಡುಗರು ಕಂಡಕ್ಟರು ಚಿಲ್ಲರೆ ಕೊಡದೆ ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದನ್ನು, ಇಳಿಯುವಾಗ ಅದನ್ನು ಕೇಳಲು ನಾಚಿಕೆಯಾಗಿ ಸುಮ್ಮನೆ ಇಳಿದುಬಿಟ್ಟಿದ್ದನ್ನು ಹೇಳತೊಡಗಿದರು. ಮಧ್ಯಂತರ ಪ್ರಗತಿ ಅಂತ ಏನಾದರೂ ಬರೆಯುವುದಿದ್ದರೆ ನಾನು ಇದನ್ನೇ ಬರೆದೇನು. ಆದರೆ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಇರೋದು ವಸ್ತು, ಭಾಷೆ, ಪ್ರಸ್ತುತಿ, ಭಾಗವಹಿಸುವಿಕೆ.

ನಾಲ್ಕನೇ ವಾರ ಮನೆಯ ಹಿರಿಯರಿಂದ ಒಂದು ಕತೆ ಕೇಳಿಕೊಂಡು ಬನ್ನಿ ಅಂದೆ. ಬಂದಿದ್ದರಲ್ಲಿ ಹನ್ನೊಂದು ಕಾಗಕ್ಕ ಗುಬ್ಬಕ್ಕನ ಕತೆ! ಮೊದಲ ಮೂರಕ್ಕೆ ನಕ್ಕರು, ನಾಲ್ಕನೆಯದಕ್ಕೆ ಆಕಳಿಸಿದರು. ಆಮೇಲೆ ಒಂದು ತಮಾಷೆ ಆಯಿತು. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುತ್ತೆ. ಗುಬ್ಬಕ್ಕ ಮಗೂಗೆ ನೀರು ಹಾಕ್ತಿದೀನಿ, ಮಗೂಗೆ ಹಾಲು ಕುಡಿಸ್ತಿದೀನಿ ಅಂತ ನೆವ ಹೇಳ್ತಾ ಹೋಗುತ್ತೆ. ಇಲ್ಲಿಯ ತನಕ ಎಲ್ಲರ ಮನೆಯಲ್ಲೂ ಒಂದೇ. ಬಾಗಿಲು ತೆಗೆದ ಮೇಲೆ ಬೇರೆ ಬೇರೆ. ಒಂದು ಮನೆಯಲ್ಲಿ ಕಾಗಕ್ಕನನ್ನು ಬಿಸಿ ಒಲೆಯ ಮೇಲೆ ಕೂರಿಸಿ ಸುಡುತ್ತಾರೆ. ಇನ್ನೊಂದರಲ್ಲಿ ಒಳಗೆ ಬಂದ ಕಾಗಕ್ಕ ರಾತ್ರಿಯೆಲ್ಲ ಕಡಲೆ ತಿಂದು ಖಾಲಿ ಮಾಡುತ್ತೆ. ಒಬ್ಬಳ ಅಜ್ಜಿಯಂತೂ ಬಾಗಿಲನ್ನೇ ತೆಗೆಸೋದಿಲ್ಲವಂತೆ, ಕತೆ ಮಳೆಯಲ್ಲೇ ಮುಗಿಯುತ್ತಂತೆ. "ನಿಮ್ಮಜ್ಜಿ ಯಾಕೆ ಹಂಗೆ?" ಅಂತ ಪಕ್ಕದವಳು ಕೇಳಿದಳು. "ಅವ್ರೂ ಒಂದ್ಸಲ ತವರಿಗೆ ಹೋದಾಗ ಬಾಗ್ಲು ತೆಗೀಲಿಲ್ವಂತೆ ಕಣೇ" ಅಂದಳು ಇವಳು. ಆಕಳಿಕೆ ನಿಂತಿತು. ಜಿಪ್ಪಿನ ಸದ್ದೂ ಅವತ್ತು ಬರಲಿಲ್ಲ.

ಅಲ್ಲಿಂದಾಚೆಗೆ ಕತೆಗಳ ತೂಕ ಬದಲಾಯಿತು. ಆರನೇ ವಾರ ಒಬ್ಬ ಹುಡುಗಿ ತನ್ನ ಅಮ್ಮನದನ್ನು ಹೇಳಿದಳು. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ, ಒಂಬತ್ತನೇ ಕ್ಲಾಸಿಗೆ ಬಿಟ್ಟ ಓದು, ಮಗಳ ಪುಸ್ತಕವನ್ನು ರಾತ್ರಿ ಕದ್ದು ಓದುವುದು. ಪೂರ್ತಿ ಇಲ್ಲಿ ಹೇಳುವುದಿಲ್ಲ. ಯಾಕೆಂದರೆ ಕ್ಲಾಸು ಮುಗಿದ ಮೇಲೆ ಅವಳು ಬುಟ್ಟಿಯಿಂದ ಫೋನು ತಗೊಳ್ಳುತ್ತಾ, "ಮೇಡಂ, ಇದು ಇಲ್ಲಿಂದ ಆಚೆ ಹೋಗಲ್ಲ ಅಲ್ವಾ?" ಅಂದಳು. ನಾನು ಇಷ್ಟು ಬರೆಯುವ ಮುಂಚೆ ಅವಳನ್ನು ಕೇಳಿದೆ. ಗಾರ್ಮೆಂಟ್ಸು, ಪುಸ್ತಕ, ಇವೆರಡನ್ನು ಬರೆಯಬಹುದು ಅಂದಳು. ಬುಟ್ಟಿಯ ನಿಯಮವನ್ನು ಆಮೇಲೆ ಯಾರೂ ಪ್ರಶ್ನಿಸಿಲ್ಲ.

ಅವಳು ಹೇಳುತ್ತಾ ಹೇಳುತ್ತಾ ಒಂದು ಕಡೆ ನಿಂತುಬಿಟ್ಟಿದ್ದಳು. ಗಂಟಲು ಕಟ್ಟಿತ್ತು. ಇಡೀ ರೂಮು ಎಲ್ಲೆಲ್ಲೋ ನೋಡುತ್ತಿತ್ತು. ಆಗ ಕಿಟಕಿ ಪಕ್ಕದ ಬೆಂಚಿನಿಂದ ಒಂದು ದನಿ, ಮೆತ್ತಗೆ, "ಹೂಂ... ಆಮೇಲ?" ಅಂದಿತು. ಅಷ್ಟೇ. ಅವಳು ಮುಂದುವರಿಸಿದಳು.

ಆ 'ಹೂಂ' ಅಂದವನ ಹೆಸರಿನ ಮುಂದೆ ನನ್ನ ಪಟ್ಟಿಯಲ್ಲಿ ಮೂರು ಕಾಲಂ ಖಾಲಿ ಇವೆ. ಎಂಟು ವಾರದಲ್ಲಿ ಅವನು ಒಂದು ಕತೆಯನ್ನೂ ಹೇಳಿಲ್ಲ. ಚಾಮರಾಜನಗರದ ಕಡೆಯ ಹುಡುಗ, ಬಿ.ಕಾಂ., ಒಂದು ದಿನವೂ ತಪ್ಪಿಸಿಲ್ಲ. ಐದನೇ ವಾರ ಒಬ್ಬನೇ ಸಿಕ್ಕಾಗ ಕೇಳಿದೆ, ಭಯಾನಾ? ಇಲ್ಲ ಅಂದ. ಕತೆ ಬರಲ್ವಾ? ಸುಮ್ಮನಿದ್ದ. ಆಮೇಲೆ ಹೇಳಿದ, ಅವರ ತಾತ ನೀಲಗಾರರು.

ಗೊತ್ತಿಲ್ಲದವರಿಗೆ ಎರಡು ಮಾತು. ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಪಡೆದು, ತಂಬೂರಿ ಹಿಡಿದು, ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕತೆ ಹಾಡುವವರು ನೀಲಗಾರರು. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಶರಣರನ್ನು ಪರೀಕ್ಷಿಸುವುದು, ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗುವುದು, ಹೀಗೆ ಸಾಲು ಸಾಲಾಗಿ ರಾತ್ರಿಗಟ್ಟಲೆ ನಡೆಯುವ ಮಹಾಕಾವ್ಯ ಅದು. ಮುಂದೆ ಒಬ್ಬರು ಹಾಡಿದರೆ ಹಿಂದೆ ಸೊಲ್ಲು ಹಿಡಿಯುವವರಿರುತ್ತಾರೆ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಈ ದನಿ ಪರಿಚಯವಿರುತ್ತೆ. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಧ್ವನಿಮುದ್ರಿಸಿ ದಪ್ಪ ದಪ್ಪ ಸಂಪುಟ ತಂದಿವೆ. ಆ ಸಂಪುಟಗಳ ಮೇಲೆ ಪಿಎಚ್.ಡಿ.ಗಳಾಗಿವೆ. ಆ ಕಾವ್ಯವನ್ನು ಕಿವಿಯಲ್ಲೇ ತುಂಬಿಕೊಂಡು ಬೆಳೆದ ಹುಡುಗ ನನ್ನ ಕ್ಲಾಸಿನಲ್ಲಿ ಕೂತಿದ್ದಾನೆ, ಪ್ರಸ್ತುತಿ: ಸೊನ್ನೆ.

"ಅದನ್ನೇ ಹೇಳಪ್ಪ, ಯಾವುದಾದ್ರೂ ಒಂದು ಸಾಲು" ಅಂದೆ.

"ಅದು ಕತ ಅಲ್ಲ ಮೇಡಂ, ನಮ್ಮಪ್ಪಾಜಿ."

ಸ್ವಲ್ಪ ತಡೆದು, "ದೀಪ ಹಚ್ಚಬೇಕು. ತಾತ ಸಾನ ಮಾಡದೆ ತಂಬೂರಿ ಮುಟ್ಟಲ್ಲ. ಮಾರ್ಕ್ಸಿಗೆ ಐದು ನಿಮಿಷ ಹೇಳು ಅಂದ್ರೆ ನಂಗಾಗಲ್ಲ. ಬ್ಯಾರೆ ಕತ ನಂಗ್ ಬರಲ್ಲ" ಅಂದ. ಸಿಟ್ಟಿನಲ್ಲಿ ಹೇಳಲಿಲ್ಲ. ಲೆಕ್ಕ ಒಪ್ಪಿಸುವವನ ಥರ ಹೇಳಿದ.

ನಾನು ಒತ್ತಾಯ ಮಾಡಲಿಲ್ಲ. ಹೇಳಬಾರದ್ದನ್ನು ಹೇಳದೇ ಇರುವುದೂ ಕತೆಗಾರನ ಲಕ್ಷಣವೇ ಅಂತ ನನ್ನ ಅಭಿಪ್ರಾಯ. ಇವತ್ತು ಎಲ್ಲವೂ ಒಂದು ರೀಲಿಗೆ ಇಳಿಯುವ ಕಾಲದಲ್ಲಿ, ಒಂದಿಷ್ಟನ್ನು ಎಷ್ಟು ಮಾರ್ಕ್ಸಿಗೂ ಕೊಡೋದಿಲ್ಲ ಅನ್ನುವ ಹತ್ತೊಂಬತ್ತು ವರ್ಷದ ಹುಡುಗನನ್ನು ನಾನು ಯಾವ ಕಾಲಂನಲ್ಲಿ ಫೇಲು ಮಾಡಲಿ? ಹಾಗಂತ ಸೊನ್ನೆ ಕೊಟ್ಟರೆ ಸಣ್ಣ ವಿಷಯವಲ್ಲ. ಇಂಟರ್ನಲ್ಲಿನಲ್ಲಿ ಹೋದದ್ದು ಕೊನೆಗೆ ಒಟ್ಟು ಅಂಕದಲ್ಲಿ ಎಳೆಯುತ್ತೆ. ಅವನು ಓದುತ್ತಿರುವುದು ಸ್ಕಾಲರ್‌ಶಿಪ್ಪಿನಲ್ಲಿ.

ಕಳೆದ ವಾರ ಕ್ಲಾಸಿನಲ್ಲಿ ನಾನೇ ಒಂದು ಕತೆ ಹೇಳಿದೆ. ನಮ್ಮ ಮೈಸೂರಿನಲ್ಲೇ ಹುಟ್ಟಿ, ಇಲ್ಲೇ ಮಹಾರಾಜಾ ಕಾಲೇಜಿನಲ್ಲಿ ಓದಿ, ಆಮೇಲೆ ಶಿಕಾಗೋದಲ್ಲಿ ಮೇಷ್ಟ್ರಾಗಿದ್ದ ಎ.ಕೆ. ರಾಮಾನುಜನ್ ಕನ್ನಡದ ಮನೆಮನೆಗಳಿಂದ ಕೂಡಿಸಿದ ಕತೆಗಳಲ್ಲೊಂದು. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಆಚೆ ಬಂದು ಒಂದು ಗಂಡಸಿನ ಪಾದರಕ್ಷೆಯಾಯಿತು, ಇನ್ನೊಂದು ಕೋಟಾಯಿತು. ಗಂಡ ಬಂದು ನೋಡಿ, ಇದು ಯಾರದ್ದು ಅಂತ ಜಗಳ ತೆಗೆದ. ಸಿಟ್ಟಿನಲ್ಲಿ ಹೋಗಿ ಹನುಮಂತನ ಗುಡಿಯಲ್ಲಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅಲ್ಲಿಗೆ ಬಂದು ಮಾತಾಡಿಕೊಳ್ಳುತ್ತಿದ್ದವು. ಅವರ ಮನೆಯ ದೀಪದ ಬಾಯಿಂದ ಅವನಿಗೆ ನಿಜ ಗೊತ್ತಾಯಿತು. ಬೆಳಿಗ್ಗೆ ಮನೆಗೆ ಬಂದು ಕತೆ ಹಾಡು ಎಲ್ಲಿ ಅಂತ ಕೇಳಿದರೆ, ಯಾವ ಕತೆ, ಯಾವ ಹಾಡು ಅಂದಳಂತೆ. ಮರೆತೇಹೋಗಿತ್ತು.

ಕತೆ ಹೇಳಲೇಬೇಕು, ಇಲ್ಲದಿದ್ದರೆ ಅದು ಸೇಡು ತೀರಿಸಿಕೊಳ್ಳುತ್ತೆ ಅಂತ ಸಾಮಾನ್ಯವಾಗಿ ಇದನ್ನು ಅರ್ಥ ಮಾಡುತ್ತಾರೆ. ಮುಂದಿನ ಬೆಂಚಿನವರು ಅದನ್ನೇ ಹೇಳಿದರು. ಕಿಟಕಿ ಪಕ್ಕದವನು ಕೈ ಎತ್ತಿದ. ಎಂಟು ವಾರದಲ್ಲಿ ಮೊದಲ ಸಲ.

"ಕೇಳೋರು ಯಾರಿದ್ರು ಮೇಡಂ ಆ ಮನೇಲಿ? ದೀಪ ಒಂದೇ ಅಲ್ವಾ?"

ಎಷ್ಟೋ ಸಲ ಪಾಠ ಮಾಡಿದ ಕತೆ ಇದು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗಂಡ ಕೋಟು ನೋಡಿದ ಮೇಲಲ್ಲವೇ ಕತೆ ಕೇಳಿದ್ದು?

ನಿನ್ನೆ ಕೂತು ನನ್ನ ನೋಟ್‌ಬುಕ್ ತಿರುವಿದೆ. ಪ್ರತಿ ಕ್ಲಾಸಿನ ಮೇಲೆ ಎರಡು ಸಾಲು ಬರೆದಿಡುವ ಅಭ್ಯಾಸ ನನ್ನದು. ಯಾರ ಕತೆ ಎಲ್ಲಿ ಕುಂಟಿತು, ಹೇಗೆ ಎದ್ದಿತು ಅಂತ. ಕುಂಟಿದ ಕತೆಗಳು ಎದ್ದ ಕಡೆ ಏಳು ಸಲ ಅವನ ಹೆಸರಿದೆ. ನಮ್ಮಜ್ಜಿ ನಾವು ಹೂಂಗುಟ್ಟದಿದ್ದರೆ ಕತೆ ನಿಲ್ಲಿಸಿ ಎಲೆಯಡಿಕೆ ಚೀಲ ಹುಡುಕೋಳು. ನಾವು ಮತ್ತೆ ಹೂಂ ಅನ್ನೋ ತನಕ ರಾಜ ಕುದುರೆಯಿಂದ ಇಳಿಯುತ್ತಿರಲಿಲ್ಲ. ಕೇಳುವವನೂ ಕತೆಯ ಅರ್ಧ ಪಾಲುದಾರ ಅಂತ ಅವಳಿಗೆ ಯಾವ ಸಿಲಬಸ್ಸೂ ಹೇಳಿಕೊಟ್ಟಿರಲಿಲ್ಲ.

ಭಾಗವಹಿಸುವಿಕೆಯ ಕಾಲಂನಲ್ಲಿ ಅವನಿಗೆ ಹತ್ತಕ್ಕೆ ಹತ್ತು ಹಾಕಿದೆ. ಪ್ರಸ್ತುತಿಯ ಕಾಲಂ ಹೊಡೆದುಹಾಕಿ 'ಹೇಳುವುದು ಅಥವಾ ಕೇಳುವುದು' ಅಂತ ತಿದ್ದಿ ಅಲ್ಲೂ ಎಂಟು ಕೊಟ್ಟೆ. ವಸ್ತು, ಭಾಷೆ ಎರಡನ್ನೂ ಹಾಗೇ ಬಿಟ್ಟಿದ್ದೇನೆ, ಅಲ್ಲಿ ಕೊಡಲು ಅವನೇ ಏನೂ ಕೊಟ್ಟಿಲ್ಲ. ಇಷ್ಟಾದರೆ ಅವನು ದಡ ಸೇರುತ್ತಾನೆ.

ಪಟ್ಟಿ ನೋಡಿ ನಮ್ಮ ಮುಖ್ಯಸ್ಥರು ಕನ್ನಡಕ ಮೇಲೇರಿಸಿದರು. "ಕತೆ ಹೇಳಿದ್ದಕ್ಕೆ ಮಾರ್ಕ್ಸು ಸರಿ. ಕೇಳಿದ್ದಕ್ಕೆ ಪುರಾವೆ ಏನಮ್ಮಾ? ನಾಳೆ ಇನ್ನೊಬ್ಬ ನಾನೂ ಕೇಳ್ತಿದ್ದೆ ಅಂತಾನೆ." ನ್ಯಾಯವಾದ ಪ್ರಶ್ನೆ. ನೋಟ್‌ಬುಕ್ ತೋರಿಸಿದೆ. ಅರ್ಧ ಒಪ್ಪಿದರು. ಪಟ್ಟಿಯನ್ನು ಸದ್ಯಕ್ಕೆ ಅವರ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದಾರೆ. ಗುರುವಾರ ಮೂರು ಗಂಟೆಗೆ ಬಂದು ಕೂತ್ಕೊಳ್ಳಿ ಸಾರ್, ನೀವೇ ನೋಡಿ ಅಂದೆ. ಬರ್ತಾರಂತೆ. ಫೋನು ಬುಟ್ಟಿಗೆ ಹಾಕಬೇಕಾಗುತ್ತೆ ಅಂತ ಮೊದಲೇ ಹೇಳಿದ್ದೇನೆ.